ಬಲಗೈಗೆ ತಿಳಿಯದ ಬಿಸಿ

ಯವ್ವಾ,

ನಿನಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನಿದ್ದಾಗ ಬ್ಯಾಂಕಿನಿಂದ ಏನಾದರೂ ಕಾಗದ ಬಂದರೆ ನಾನೇ ಗಟ್ಟಿಯಾಗಿ ಓದುತ್ತಿದ್ದೆ. ನೀನು ಅರ್ಧಕ್ಕೇ ತಡೆದು, "ಸಾಕು ಬಿಡು ಸುಜಾತಾ, ನಾ ಏನ್ ಮಾಡ್ಬೇಕು ಅದನ್ನ ಹೇಳು" ಅನ್ನುತ್ತಿದ್ದಿ. ಇದರಲ್ಲಿ ನೀನು ಮಾಡಬೇಕಾದ್ದು ಏನೂ ಇಲ್ಲ. ಕೊನೆಯವರೆಗೂ ಕೇಳು, ಅಷ್ಟೇ. ಸಾಲಿ ಟೀಚರಮ್ಮನ ಕನ್ನಡ ಅಂತ ನಗಬೇಡ, ಪೆನ್ನು ಹಿಡಿದರೆ ನನಗೆ ಇದೇ ಬರುತ್ತದೆ. ಸಿಟ್ಟು ಮಾತ್ರ ಮಸರಕಲ್ಲಿನದು, ನಿನ್ನ ತವರಿನದು. ಅದು ಇನ್ನೂ ಇಳಿದಿಲ್ಲ.

ಸಣ್ಣಾಕಿ ಇದ್ದಾಗ ನಿನ್ನ ಕೆಲಸಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಿ, ನೆನಪಿದೆಯಾ? ರಾಯಚೂರಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಾರನೆಯ ದಿನ ನಿನಗೆ ಕರೆ ಬರುತ್ತಿತ್ತು. ನೀನು ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚುತ್ತಿದ್ದಿ. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿ, ಮೈಕೂದಲು ಉದುರಲೆಂದು ಹಿಟ್ಟು ಹಚ್ಚಿ ತಿಕ್ಕಿ, ಚರಿಗಿಯಿಂದ ಬಿಸಿನೀರು ಹಾಕುತ್ತಿದ್ದಿ. ಅಡಿಗೆಮನೆಯ ಹೊಸ್ತಿಲು ದಾಟಲು ನಮ್ಮನ್ನು ಬಿಡದ ಮನೆಯವರೂ ಹಸಿಗೂಸನ್ನು ನಿನ್ನ ಕಾಲ ಮೇಲೆ ತಂದು ಹಾಕುತ್ತಿದ್ದರು. ಆಗ ನನಗೆ ಅದೊಂದು ದೊಡ್ಡ ಹೆಮ್ಮೆ, ಈಗ ನೆನೆದರೆ ಮೈ ಉರಿಯುತ್ತದೆ. ನೀರಿಗೆ ತಣ್ಣೀರು ಬೆರೆಸುವುದು ಮನೆಯವರ ಕೆಲಸ, ನೋಡುವುದು ನಿನ್ನ ಕೆಲಸ. ಬಲಗೈಯ ಮೊಣಕೈ ಬಕೆಟ್ಟಿನಲ್ಲಿ ಅದ್ದಿ "ಆತು" ಅಂದೆಯೆಂದರೆ ಮುಗಿಯಿತು. ಆಮೇಲೆ ಮತ್ತೊಬ್ಬರು ಕೈ ಅದ್ದಿ ನೋಡುವುದೆಂದರೆ ನಿನಗೆ ಅವಮಾನ ಮಾಡಿದ ಹಾಗೆ. ಯಾರೂ ನೋಡುತ್ತಿರಲಿಲ್ಲ.

ಹೋದ ವರ್ಷ ಚಳಿಗಾಲದ ಆ ಮುಂಜಾನೆ ನೀನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಿ. ನಾನು ಸಾಲಿಗೆಂದು ಯರಗೇರಾ ಬಸ್ಸಿಗೆ ಹೊರಟಿದ್ದೆ. ಒಮ್ಮೆಲೇ ಗೋಡೆ ಹಿಡಿದು, "ಭೂಮಿ ತಿರಗಾಕತ್ತದ ನೋಡಲೇ" ಅಂದಿ. ವಾಂತಿ ಆಯಿತು. ಆಮೇಲೆ ಬಿಕ್ಕಳಿಕೆ ಶುರುವಾಯಿತು, ನಿಲ್ಲಲೇ ಇಲ್ಲ. ಎದುರುಮನೆಯ ಶಾಹಿದಾ ಖಾಲಾ ಓಡಿಬಂದು, ಬಿಕ್ಕಳಿಕೆಗೆ ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದಳು. "ಹುಲಿಗೆಮ್ಮಾ, ನಮ್ಮನಿ ತುಪ್ಪ ನೀನೇ ಕದ್ದೀಯಂತಲ್ಲಾ!" ಅಂತ ಜೋರು ಮಾಡಿದಳು. ಬೆಚ್ಚಿದರೆ ಬಿಕ್ಕಳಿಕೆ ನಿಲ್ಲುತ್ತದಲ್ಲ. ನೀನು ಬೆಚ್ಚಲೂ ಇಲ್ಲ, ಬೈಯಲೂ ಇಲ್ಲ. ಬಾಯಿ ತೆರೆದರೆ ಬಂದದ್ದು ಗೊಗ್ಗರು ದನಿ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು.

ಹತ್ತಿರದ ದವಾಖಾನೆಗೆ ಒಯ್ದಾಗ ಏನು ನೋಡಿದರು ಹೇಳು? "ಕೈ ಎತ್ತವ್ವಾ" ಅಂದರು, ಎತ್ತಿದಿ. "ಕಾಲು ಎತ್ತು" ಅಂದರು, ಎತ್ತಿದಿ. ಬೆರಳು ಹಿಸುಕು ಅಂದರೆ ಅವರ ಬೆರಳು ಮುರಿಯುವ ಹಾಗೆ ಹಿಸುಕಿದಿ. ಎಲ್ಲರ ಮುಖದಲ್ಲೂ ಜೀವ ಬಂತು. ಲಕ್ವಾ ಅಲ್ಲ, ಪಿತ್ತ ತಲೆಗೇರಿದೆ ಅಂತ ಸೂಜಿ ಚುಚ್ಚಿ ಮನೆಗೆ ಕಳಿಸಿದರು. ನಮ್ಮ ಕಡೆ ಅಷ್ಟೇ ತಾನೆ, ಕೈಕಾಲು ಬಿದ್ದರೆ ರೋಗ, ಎದ್ದರೆ ಆರಾಮ. ಮರುದಿನ ನೀನು ಕುಡಿದ ಚಹಾ ಮೂಗಿನಿಂದ ಹೊರಗೆ ಬಂತು. ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರಮ್ಮ ಎರಡು ಗಾಜಿನ ಕೊಳವೆ ತಂದಿದ್ದಳಲ್ಲ, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು? ನಿನ್ನ ಕಣ್ಣು ಮುಚ್ಚಿಸಿ ಎಡಗೈಗೆ ತಾಗಿಸಿದಳು. ಇದು ಬಿಸಿ, ಇದು ತಂಪು ಅಂತ ಸರಿಯಾಗಿ ಹೇಳಿದಿ. ಬಲಗೈಗೆ ತಾಗಿಸಿದಾಗ, "ಎರಡೂ ಒಂದೇ ಅದಾವಲ್ಲವಾ" ಅಂದಿ. ಬಲಗಾಲಿನಲ್ಲೂ ಅದೇ. ಸೂಜಿಯಿಂದ ಚುಚ್ಚಿದರೆ, "ಬೆರಳು ಇಟ್ಟೀರಿ" ಅಂದಿ. ಮುಖಕ್ಕೆ ಬಂದಾಗ ಎಲ್ಲ ತಿರುಗುಮುರುಗಾಯಿತು. ಬಲಗೆನ್ನೆಗೆ ಬಿಸಿ ಗೊತ್ತಾಗುತ್ತಿತ್ತು, ಎಡಗೆನ್ನೆಗೆ ಇಲ್ಲ. ಮುಖದ ಎಡಕ್ಕೂ ಮೈಯ ಬಲಕ್ಕೂ ಒಟ್ಟಿಗೆ ಹೇಗೆ ಹೋಗುತ್ತದೆ? ನಾಟಕ ಮಾಡುತ್ತಿದ್ದೀಯೇನೋ ಅಂತ ನನಗೇ ಒಂದು ಗಳಿಗೆ ಅನ್ನಿಸಿತ್ತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ತಿಳಿಸಿ ಹೇಳಿದಳು. ಮೆದುಳಿನ ಬುಡದಲ್ಲಿ, ಕುತ್ತಿಗೆಯ ಮೇಲೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಾಂಡವಿದೆಯಂತೆ. ಮೆದುಳಿನಿಂದ ಮೈಗೆ ಹೋಗುವ, ಮೈಯಿಂದ ಮೆದುಳಿಗೆ ಬರುವ ದಾರಿಗಳೆಲ್ಲ ಆ ಇಕ್ಕಟ್ಟಿನಲ್ಲೇ ಹಾಯಬೇಕು. ಕೈಕಾಲು ಆಡಿಸುವ ದಾರಿ ಮುಂಭಾಗದಲ್ಲಿ. ಮುಟ್ಟಿದ್ದು ತಿಳಿಯುವ ದಾರಿ ನಡುವೆ. ನೋವು ಮತ್ತು ಬಿಸಿ ತಿಳಿಯುವ ದಾರಿ ಪಕ್ಕದಲ್ಲಿ. ನಿನಗೆ ರಕ್ತ ನಿಂತು ಸತ್ತದ್ದು ಎಡಪಕ್ಕದ ಒಂದು ಚೂರು. ಮೈಯ ಬಲಭಾಗದ ನೋವು ಬಿಸಿಗಳು ಬೆನ್ನುಹುರಿಯಲ್ಲೇ ಎಡಕ್ಕೆ ದಾಟಿ ಆ ಚೂರಿನ ಮೂಲಕ ಮೇಲೆ ಹೋಗುತ್ತಿದ್ದವು. ಮುಖದ ಎಡಭಾಗದವು ಅಲ್ಲಿ ಇನ್ನೂ ದಾಟಿರುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗೆ ಹೋದವು. ನುಂಗುವುದನ್ನೂ ದನಿಯನ್ನೂ ನಡೆಸುವ ನರಗಳ ಬೇರೂ ಅಲ್ಲೇ. ಮುಂಭಾಗವೂ ನಡುವೂ ಉಳಿದಿದ್ದವು, ಅದಕ್ಕೇ ಕೈಕಾಲು ಬೀಳಲಿಲ್ಲ, ಮುಟ್ಟಿದ್ದೂ ತಿಳಿಯುತ್ತಿತ್ತು. "ನಿಮ್ಮ ಅವ್ವಾರ ಶಕ್ತಿ ಎಲ್ಲಾ ಹಂಗೇ ಅದ್ರಿ, ಅದೇ ಡೇಂಜರ್. ನೋಡಿದೋರಿಗೆ ಆರಾಮ ಅದಾರ ಅನ್ನಸ್ತದ" ಅಂದಳು. ನಾನು ಆ ಮಾತನ್ನು ಓಣಿಯಲ್ಲಿ ಎಷ್ಟು ಸಲ ಹೇಳಿದೆ...

ಎಡಗೈ ಬೆರಳಿನಿಂದ ಮೂಗು ಮುಟ್ಟು ಅಂದಾಗ ನೀನು ಕಿವಿ ಮುಟ್ಟಿದ್ದು ನೆನಪಿದೆಯಾ? ಗಂಜಿ ಇಳಿಸಲು ಹಾಕಿದ್ದ ನಳಿಗೆ ಮೂಗಿನಲ್ಲಿದ್ದರೂ ನಕ್ಕುಬಿಟ್ಟಿ. ನಗು ನೋಡಿ ನಾನೂ ನಕ್ಕೆ. ಆಮೇಲೆ ಡಾಕ್ಟರಮ್ಮ ಅದರ ಅರ್ಥ ಹೇಳಿದಳು. ಎಡಗೈಗೆ ಬಿಸಿ ಗೊತ್ತಾಗುತ್ತದೆ, ಆದರೆ ಅಂದಾಜು ಸಿಗುವುದಿಲ್ಲ, ಹಿಡಿದದ್ದು ಜಾರುತ್ತದೆ. ಬಲಗೈ ಹಿಡಿದದ್ದು ಬಿಡುವುದಿಲ್ಲ, ಆದರೆ ಅದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಎರಡು ಕೈ ಸೇರಿದರೆ ಒಂದು ಪೂರ್ತಿ ಕೈ. ನಿನ್ನ ಹೊಟ್ಟೆಪಾಡಿಗೆ ಬೇಕಾದ ಎರಡನ್ನೂ ದೇವರು ಹುಡುಕಿ ಹುಡುಕಿ ಬೇರೆ ಬೇರೆ ಕಡೆ ಬಚ್ಚಿಟ್ಟ ಹಾಗೆ ಮಾಡಿದ್ದ. ದೇವರ ಮೇಲೆ ನಂಬಿಕೆ ಇಲ್ಲದ ನಮ್ಮ ಮನೆಯಲ್ಲಿ ಬೈಯುವುದಕ್ಕಾದರೂ ಅವನೊಬ್ಬ ಇರಬೇಕಿತ್ತು ಅಂತ ಅವತ್ತು ಅನ್ನಿಸಿತು.

ಅದೇ ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ಮಸರಕಲ್ಲಿನಲ್ಲಿ ಮಾವ ತೀರಿಕೊಂಡ. ನಿನ್ನ ಒಬ್ಬನೇ ತಮ್ಮ. ಎದೆನೋವು ಅಂದವನು ಗದ್ದೆಯಿಂದ ಮನೆಗೆ ಬರಲಿಲ್ಲ. ಹಿರಿಯರು ಕೂತು ಮಾತಾಡಿದರು, ಹಾಸಿಗೆ ಹಿಡಿದವರಿಗೆ ಸಾವಿನ ಸುದ್ದಿ ಹೇಳಬಾರದು, ಎಲ್ಲರೂ ಒಂದೇ ಮಾತು ಹೇಳಬೇಕು. ನೀನು ಗೊಗ್ಗರು ದನಿಯಲ್ಲಿ "ತಮ್ಮ ಯಾಕ ಬಂದಿಲ್ಲ?" ಅಂತ ಕೇಳಿದಾಗಲೆಲ್ಲ ಒಬ್ಬರಾದ ಮೇಲೊಬ್ಬರು, "ಆರಾಮ ಅದಾನ, ಸುಗ್ಗಿ ಅದಲ್ಲ, ಮುಗಿಸಿ ಬರ್ತಾನ" ಅಂದರು. ಬಂದವರೆಲ್ಲ ಅಂದರು, ನಾನೂ ಅಂದೆ. ನಳಿಗೆ ತೆಗೆದು ಮನೆಗೆ ಕರೆತಂದ ಮೇಲೆ ಮಾವನ ಹೆಂಡತಿ, ಅತ್ತಿ, ಬರಿಹಣೆಯಲ್ಲಿ ನಿನ್ನ ಮುಂದೆ ಬಂದು ನಿಂತಳು. ನೀನು ಅವಳ ಹಣೆ ನೋಡಿದಿ, ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಿ. ಅಳಲಿಲ್ಲ. "ಇನ್ನ ಮ್ಯಾಲ ನೀವು ಆರಾಮ ಅಂದ್ರ ನಾ ಏನ್ ತಿಳಕೊಬೇಕು?" ಅಂತ ಕೇಳಿದಿ.

ಮನೆಗೆ ಬಂದ ಮೇಲೆ ಒಂದು ಸಂಜೆ ರೊಟ್ಟಿ ಬೇಯಿಸುತ್ತಾ ಕೂತಿದ್ದಿ. ಹೊರಗಿನಿಂದ ಬಂದ ನನಗೆ ಸುಟ್ಟ ವಾಸನೆ ಬಡಿಯಿತು. ರೊಟ್ಟಿ ಚೆನ್ನಾಗಿಯೇ ಇತ್ತು. ಹಂಚಿನ ಅಂಚಿಗೆ ನಿನ್ನ ಬಲ ಅಂಗೈ ಒತ್ತಿಕೊಂಡಿತ್ತು. ಎಳೆದು ಬಿಡಿಸಿದರೆ ಚರ್ಮ ಹಂಚಿಗೇ ಅಂಟಿತು. "ಏನಾತು? ಯಾಕ ಎಳೀತಿ?" ಅಂತ ನನ್ನನ್ನೇ ಕೇಳಿದಿ! ಅವತ್ತು ನಾನು ಕಿರುಚಾಡಿದ್ದೂ ನೀನು ತಿರುಗಿ ಕಿರುಚಿದ್ದೂ ಓಣಿಗೆಲ್ಲ ಕೇಳಿಸಿತ್ತು. ಇನ್ನು ಕೂಸುಗಳಿಗೆ ನೀರು ಹಾಕುವುದು ಬೇಡ ಅಂದೆ. "ನೀರು ಮುಟ್ಟಿದ್ದು ಗೊತ್ತಾಗ್ತದಲೇ ನನ್ಗ!" ಅಂದಿ. ಹಾಗಾದರೆ ಎಡಗೈ ಅದ್ದಿ ನೋಡು ಅಂದೆ. ನಾನೇನೋ ಹೊಲಸು ಮಾತಾಡಿದ ಹಾಗೆ ಮುಖ ಮಾಡಿದಿ. "ಎಡಗೈ ಅದ್ದಿದ ನೀರು ಹಸಿಗೂಸಿಗೆ ಹಾಕ್ಲೇನು? ನಾಳೆ ಒಬ್ಬರರ ಕರೀತಾರೇನು ನನ್ನ?" ಯವ್ವಾ, ಅದು ಮೈಯಲ್ಲಿ ಸತ್ಯ ಹೇಳುವ ಒಂದೇ ಕೈ ಆಗಿತ್ತು. ಅದಕ್ಕೆ ನೀನು ತೊಳೆಯುವ ಕೆಲಸ ಬಿಟ್ಟು ಬೇರೆ ಕೊಡಲಿಲ್ಲ.

ಪರ್ವೀನ್ ಹೆರಿಗೆಗೆ ತವರಿಗೆ ಬಂದದ್ದು ಆಗಲೇ. ಶಾಹಿದಾ ಖಾಲಾಳ ಮಗಳು, ಮಾನ್ವಿಗೆ ಕೊಟ್ಟವಳು. ಅವಳು ಹುಟ್ಟಿದಾಗ ನೀರು ಹಾಕಿದ್ದು ನೀನೇ. ಈಗ ಅವಳಿಗೂ ಕೂಸು ಹುಟ್ಟಿತು, ಹೆಣ್ಣು. ನಾನು ಖಾಲಾಗೆ ಮೊದಲೇ ಹೇಳಿದ್ದೆ, ಬೇರೆಯವರನ್ನು ಕರೆಸು ಅಂತ. ಹೂಂ ಅಂದಿದ್ದಳು. ಆದರೆ ಮೂರು ಮನೆ ಆಚೆಯ ನಳದಿಂದ ನೀನು ತುಂಬಿದ ಕೊಡ ಎತ್ತಿಕೊಂಡು ಬರುವುದನ್ನು ನೋಡಿದಳಂತೆ. "ಇಷ್ಟು ದೊಡ್ಡ ಕೊಡ ಎತ್ತಾಕತ್ತಾಳ, ಇನ್ನ ಏನ್ ಆಗ್ಯಾದ ಆಕಿಗೆ ಅನ್ಕೊಂಡೆ ಬೇಟಿ" ಅಂತ ಆಮೇಲೆ ನನ್ನ ಮುಂದೆ ಹಣೆ ಬಡಿದುಕೊಂಡಳು. ಕರೆದದ್ದು ಅವಳು. ನಾನು ಸಾಲಿಗೆ ಹೋಗುವವರೆಗೆ ಕಾದು ಹೊರಟದ್ದು ನೀನು. ಯಾರನ್ನು ಬೈಯಲಿ?

ಅವತ್ತು ನಡೆದದ್ದನ್ನು ನೀನು ನನಗೆ ಹೇಳಲೇ ಇಲ್ಲ, ಖಾಲಾ ಹೇಳಿದಳು. ಖಾಲಾ ಹಂಡೆಯ ನೀರು ತೋಡಿ ಬಕೆಟ್ಟಿಗೆ ಹಾಕಿದಳು. ತಣ್ಣೀರು ಬೆರೆಸುವ ಮೊದಲೇ ಬಾಗಿಲಲ್ಲಿ ಯಾರೋ ಕರೆದರು, ಎದ್ದು ಹೋದಳು. ತಿರುಗಿ ಬಂದಾಗ ನೀನು ಮೊಣಕೈ ಅದ್ದಿ "ಆತು" ಅಂದಿದ್ದಿ. ನೀನು ನೋಡಿದ ನೀರು, ಅವಳು ಕೈ ಅದ್ದಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನೀನು ಎಡಕ್ಕೆ ವಾಲುತ್ತಿದ್ದೆಯಲ್ಲ, ಎಡಭುಜ ಗೋಡೆಗೆ ಆನಿಸಿ ಕೂತಿದ್ದಿ. ಕೂಸಿನ ಭಾರವೆಲ್ಲ ಬಲಗಾಲ ಮೇಲೆ. ಚರಿಗಿ ತುಂಬಿ ಬೆನ್ನಿಗೆ ಹಾಕಿದಿ. ಕೂಸು ಕಿರುಚಿತು. ನೀರು ಹಾಕುವಾಗ ಎಲ್ಲ ಕೂಸುಗಳೂ ಕಿರುಚುತ್ತವೆ, ಅತ್ತರೆ ಎದೆ ಗಟ್ಟಿಯಾಗುತ್ತದೆ ಅಂತ ನೀನೇ ಹೇಳುತ್ತಿದ್ದಿ. ಎರಡನೆಯ ಚರಿಗಿಯೂ ತುಂಬಿತ್ತು. ಅಷ್ಟರಲ್ಲಿ ಮೊದಲಿನ ನೀರು ಹರಿದು ನಿನ್ನ ಎಡಗಾಲಿಗೆ ತಾಗಿತು. ಚುರ್ ಅಂದ ಕೂಡಲೇ ಚರಿಗಿ ಬಿಸಾಕಿ ಕೂಸನ್ನು ಎದೆಗೆ ಅವಚಿಕೊಂಡು, "ಅಯ್ಯಯ್ಯೋ, ಸುಟ್ಟೆನಲ್ಲೇ, ಕೂಸಿನ್ನ ಸುಟ್ಟೆನಲ್ಲೇ" ಅಂತ ಕೂಗಿದಿಯಂತೆ.

ನಾನು ಬಸ್ಸಿಳಿದು ಓಡಿ ಬಂದಾಗ ಕೂಸನ್ನು ಆಸ್ಪತ್ರೆಗೆ ಒಯ್ದಾಗಿತ್ತು. ನೀನು ಅದೇ ಬಚ್ಚಲಲ್ಲಿ, ಅದೇ ಮಣೆಯ ಮೇಲೆ ಕಾಲು ಚಾಚಿಯೇ ಕೂತಿದ್ದಿ. ಎರಡೂ ತೊಡೆ ಕೆಂಪಾಗಿದ್ದವು. ಎಡಗಾಲು ನಡುಗುತ್ತಿತ್ತು. ಹೆಚ್ಚು ಬೊಬ್ಬೆ ಎದ್ದಿದ್ದ ಬಲಗಾಲು ಏನೂ ಆಗದ ಹಾಗೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡುತ್ತಾ, "ಇದು ನಂದಲ್ಲ" ಅಂದಿ. ನನ್ನ ಹೊಟ್ಟೆಯಲ್ಲಿದ್ದ ಬೈಗುಳವೆಲ್ಲ ಅಲ್ಲೇ ಒಣಗಿತು. ಕೈ ಹಿಡಿದು ಎಬ್ಬಿಸಿದೆ. ಬಲಗೈ ಹಿಡಿದಿದ್ದೆ, ಅದು ನನ್ನ ಕೈಯನ್ನು ಗಟ್ಟಿಯಾಗಿಯೇ ಹಿಡಿದುಕೊಂಡಿತು.

ಕೂಸಿನ ಬೆನ್ನಿಗೆ ಪಟ್ಟಿ ಕಟ್ಟಿ ಕೆಲವು ದಿನ ಇಟ್ಟುಕೊಂಡು ಬಿಟ್ಟರು. ಮಾನ್ವಿಯಿಂದ ಪರ್ವೀನಳ ಅತ್ತೆಮನೆಯವರು ಬಂದು, ಈ ಓಣಿಗೆ ಇನ್ನು ಕಾಲಿಡುವುದಿಲ್ಲ ಅಂತ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದರು. ನೀನು ದಿನಾ ಕೇಳುತ್ತಿದ್ದಿ, "ಕೂಸು ಹ್ಯಾಂಗದ?" ನಾನು ಅನ್ನುತ್ತಿದ್ದೆ, "ಆರಾಮ ಅದ." ಖಾಲಾ ಬಂದು ಅನ್ನುತ್ತಿದ್ದಳು, "ಆರಾಮ ಅದ ಹುಲಿಗೆಮ್ಮಾ, ಅಲ್ಲಾನ ಆಣಿ." ನೀನು ನಮ್ಮ ಮುಖವನ್ನೇ ನೋಡುತ್ತಿದ್ದಿ, ಅತ್ತಿಯ ಹಣೆ ನೋಡಿದ ಹಾಗೆ. ಮಾವನೂ ಆರಾಮ ಇದ್ದ ಅಲ್ಲವಾ? ಖಾಲಾ ಹೇಗೋ ಬೇಡಿಕೊಂಡು ಫೋನಿನಲ್ಲಿ ಒಂದು ಫೋಟೋ ತರಿಸಿದಳು. ಬಟ್ಟೆಯಲ್ಲಿ ಸುತ್ತಿದ ಕೂಸು, ಮುಖ ಮಾತ್ರ ಕಾಣುತ್ತಿತ್ತು. ನೀನು ಫೋನು ದೂರ ಸರಿಸಿದಿ. "ಕೂಸಿನ ಮಾರಿ ನಾ ಯಾವಾಗ ನೋಡೀನಿ? ನಾ ನೋಡಾದು ಬೆನ್ನು. ಯಾರ್ದರ ಕೂಸು ತೋರಸಾಕತ್ತೀರಿ. ಬೆನ್ನು ತೋರಸ್ರಿ."

ಬೆನ್ನು ತೋರಿಸಲು ಅವರು ಒಪ್ಪಲಿಲ್ಲ. ಪಟ್ಟಿ ಬಿಚ್ಚಬಾರದು, ನಜರ್ ತಾಗುತ್ತದೆ, ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಬಾಣಂತಿ ಕೂಸು ಹೊಸ್ತಿಲು ದಾಟುವ ಹಾಗಿಲ್ಲ ಅಂದರು. ನಾನೇ ಒಂದು ಭಾನುವಾರ ಮಾನ್ವಿಗೆ ಹೋದೆ, ನಿನಗೆ ಹೇಳಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಅವರ ಮೇಲೆ ಸಿಟ್ಟಾಗಲು ನನಗೆ ಯಾವ ಹಕ್ಕಿತ್ತು? ಒಳಗೆ ಕೂಸು ಅಳುವುದು ಕೇಳಿಸಿತು, ಹಸಿದ ಅಳು, ಒಳ್ಳೆಯ ಗಟ್ಟಿ ದನಿ. ಬಂದು ನಿನಗೆ ಅದನ್ನೇ ಹೇಳಿದೆ. ನೀನು ಗೋಡೆ ಕಡೆ ತಿರುಗಿ ಮಲಗಿದಿ.

ಆಮೇಲೆ ನೀನು ಊಟದ ನಿಯಮ ಬಿಟ್ಟಿ. ಗದ್ದ ಎದೆಗೆ ಒತ್ತಿಕೊಂಡು ನುಂಗಬೇಕು, ಅಂಬಲಿ ಗಟ್ಟಿ ಇರಬೇಕು, ಬರೇ ನೀರು ಗಟಗಟ ಕುಡಿಯಬಾರದು, ಕುಡಿದರೆ ಗಾಳಿಯ ದಾರಿಗೆ ಇಳಿಯುತ್ತದೆ ಅಂತ ಡಾಕ್ಟರಮ್ಮ ಎಷ್ಟು ಸಲ ಹೇಳಿಕೊಟ್ಟಿದ್ದಳು. ನೀನು ಸರಿಯಾಗಿ ಕಲಿತಿದ್ದಿ ಕೂಡ. ಒಂದಿನ ಸಾಲಿಯಿಂದ ಬಂದರೆ, ಮಲಗಿದಲ್ಲೇ ತಲೆ ಹಿಂದಕ್ಕೆ ಹಾಕಿ ತಂಬಿಗಿ ನೀರು ಬಾಯಿಗೆ ಸುರಿದುಕೊಳ್ಳುತ್ತಿದ್ದಿ. ಕೆಮ್ಮು ಬರಬೇಕಿತ್ತು. ಕೆಮ್ಮಲಿಲ್ಲ. ಗಂಟಲಿನ ಅರಿವೂ ಆ ಚೂರಿನ ಜೊತೆಗೇ ಹೋಗಿತ್ತಂತೆ. ಜ್ವರ ಬಂತು, ಉಸಿರಿನಲ್ಲಿ ಗೊರಗೊರ ಸದ್ದು ಬಂತು, ನ್ಯುಮೋನಿಯಾ ಅಂದರು. ಮರೆತು ಕುಡಿದೆಯಾ ಯವ್ವಾ, ಇಲ್ಲಾ ಬೇಕಂತಲೇ... ಇದನ್ನು ನಾನು ಯಾರನ್ನೂ ಕೇಳಿಲ್ಲ. ನಿನ್ನನ್ನು ಕೇಳುವ ಧೈರ್ಯವೂ ಇರಲಿಲ್ಲ, ಈಗ ಬರೆಯುವಾಗ ಕೇಳುತ್ತಿದ್ದೇನೆ.

ದನಿ ಪೂರ್ತಿ ಹೋಗಿತ್ತು. ಆಮ್ಲಜನಕದ ಮುಸುಕಿನ ಒಳಗೆ ನಿನ್ನ ತುಟಿ ಆಡುತ್ತಿತ್ತು, ನನಗೆ ಕೇಳಿಸದಿದ್ದರೂ ಕೇಳುತ್ತಿರುವುದು ಕೂಸಿನ ಸುದ್ದಿಯೇ ಅಂತ ಗೊತ್ತಿತ್ತು. "ಆರಾಮ ಅದವ್ವಾ" ಅಂದೆ. ನೀನು ಕಣ್ಣು ಮುಚ್ಚಿಕೊಂಡಿ. ನಾನು ಹೇಳಿದ್ದು ಸತ್ಯ, ಸತ್ಯವನ್ನೇ ಸುಳ್ಳಿನ ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ನನಗೆ ಬಂದ ಅಳು ನೋಡಿ, ಕೂಸು ಸತ್ತೇ ಹೋಗಿದೆ ಅಂತ ನಿನಗೆ ಖಾತ್ರಿಯಾಗಿರಬೇಕು. ಆ ದಿನವೇ ಹೋದಿ. ಮಸರಕಲ್ಲಿಗೆ ಒಯ್ದು ಮಣ್ಣು ಮಾಡಿದೆವು. ಖಾಲಾ ದೇವದುರ್ಗದ ಬಸ್ಸು ಹಿಡಿದು ಅಲ್ಲಿಗೂ ಬಂದಿದ್ದಳು.

ಈಗ ಸುದ್ದಿ ಕೇಳು. ಚಿಲ್ಲಾ ಮುಗಿದ ಮೇಲೆ ಪರ್ವೀನ್ ಗಂಡನ ಜೊತೆ ಜಗಳ ತೆಗೆದು ಬಂದಳು. ಅವ್ವನ ಮನೆಗೆ ಹೋಗುವ ಮೊದಲು ನಮ್ಮ ಮನೆಯ ಬಾಗಿಲಿಗೇ ಬಂದಳು. ನೀನು ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಹಸಿಬಾಣಂತಿಗೆ ಸಾವಿನ ಸುದ್ದಿ ಹೇಳಬಾರದು ಅಂತ ಖಾಲಾ ಮುಚ್ಚಿಟ್ಟಿದ್ದಳು! ನಾವು ಬುದ್ಧಿ ಕಲಿಯುವವರಲ್ಲ. ಒಳಗೆ ಬಂದು ಸುತ್ತ ನೋಡಿ, "ಅವ್ವ ಎಲ್ಲಕ್ಕಾ? ಬೆನ್ನು ನೋಡ್ಬೇಕು ಅಂದಿದ್ದಳಂತ, ತೋರಸಾಕ ಬಂದೀನಿ" ಅಂದಳು. ನಾನು ಹೇಳಿದೆ. ಮುಚ್ಚಿಡಲಿಲ್ಲ, ಇನ್ನು ಯಾರಿಗೂ ಏನನ್ನೂ ಮುಚ್ಚಿಡುವುದಿಲ್ಲ, ಇದು ನಿನಗೆ ಕೊಡುವ ಮಾತು. ಪರ್ವೀನ್ ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನೀನರ ನೋಡು" ಅಂತ ಕೂಸಿನ ಅಂಗಿ ಬಿಚ್ಚಿದಳು.

ನಾನು ಕಾಲು ಚಾಚಿ ಕೂತೆ. ನಿನ್ನ ಹಾಗೆ ಬೋರಲು ಹಾಕಿಕೊಂಡೆ. ನೀರು ಹಾಕುವ ಧೈರ್ಯ ನನಗಿಲ್ಲ, ಸುಮ್ಮನೆ ನೋಡಿದೆ. ಬಲ ಭುಜದ ಕೆಳಗೆ ಅಂಗೈಯಗಲ ತಿಳಿಗೆಂಪು ಕಲೆ ಇದೆ. ಅದರ ಮೇಲೆ ಚರ್ಮ ಹೊಸದಾಗಿ ಬಂದಿದೆ, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಎಡಗೈ ಬೆರಳಿನಿಂದ ಮುಟ್ಟಿದೆ, ಕೂಸು ಬೆನ್ನು ಕುಣಿಸಿತು. ಅದಕ್ಕೆ ಎಲ್ಲ ಗೊತ್ತಾಗುತ್ತದೆ. ಉಳಿದ ಬೆನ್ನೆಲ್ಲ ನಯವಾಗಿದೆ, ನೀನು ಹಿಟ್ಟು ಹಚ್ಚಿ ತಿಕ್ಕದೆ ಉಳಿದುಹೋದ ಸಣ್ಣ ಕೂದಲು ಭುಜದ ಮೇಲೆ ಹಾಗೇ ಇದೆ.

ಬೆನ್ನು ನೋಡಿದೆ, ಯವ್ವಾ. ಕೂಸು ಆರಾಮ ಅದ. ನೀ ಕೇಳಿದಾಗಲೂ ಆರಾಮ ಇತ್ತು.

ನಿನ್ನ
ಸುಜಾತಾ